ಅಂಬಣ್ಣನ ಬೆಲ್ಲದುಂಡೆ

ಬೋನಾಳದ ಅಂಬಣ್ಣ ಕುಂಟುವ ಕುರಿಯ ಕಾಲು ಮುಟ್ಟಿದರೆ ಸಾಕು, ಮರುದಿನ ಅದು ಮಂದೆಯ ಮುಂದೆ ಓಡುತ್ತದೆ ಎಂಬ ಮಾತು ಅಲ್ಲಿನ ಕೆರೆಯ ಸುತ್ತಲಿನ ಊರುಗಳಲ್ಲೆಲ್ಲ ಹಬ್ಬಿತ್ತು. ಎಲ್ಲ ಅವನ ಕೈಗುಣ ಎನ್ನುತ್ತಿದ್ದರು. ಅಂಬಣ್ಣನೂ ಕಡಿಮೆಯವನಲ್ಲ. ಪ್ರಾಣಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ದೊಡ್ಡ ಮಂತ್ರ ಬಲ್ಲವನ ಹಾಗೆ ತುಟಿ ಅಲುಗಿಸುತ್ತ ನೀವುತ್ತಿದ್ದ. ಆಮೇಲೆ ಸೊಪ್ಪು ಅರೆದು ಕಟ್ಟಿದ ಬೆಲ್ಲದುಂಡೆಯನ್ನು ಅದರ ಬಾಯಿಗೆ ತುರುಕುತ್ತಿದ್ದ. ಪ್ರತಿಯಾಗಿ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎನ್ನುವುದು ಅವನ ಅಪ್ಪನ ಕಾಲದಿಂದ ಬಂದ ನೇಮ.

ಆದರೆ ಅಪ್ಪನ ಉಂಡೆಯಲ್ಲಿ ಸೊಪ್ಪು, ಬೆಲ್ಲ ಮಾತ್ರ ಇರುತ್ತಿತ್ತು. ಅಂಬಣ್ಣ ಅದರೊಳಗೆ ಮನುಷ್ಯರು ಮಂಡಿನೋವಿಗೆ ನುಂಗುವ ಗುಳಿಗೆಯನ್ನು ಪುಡಿ ಮಾಡಿ ಸೇರಿಸುತ್ತಿದ್ದ. ಗುಳಿಗೆ ತರಲು ಶಹಾಪುರದವರೆಗೆ ಹೋಗುತ್ತಿದ್ದ. ಹತ್ತಿರದಲ್ಲಿ ಕೊಂಡರೆ ಗುಟ್ಟು ರಟ್ಟಾದೀತು. ಹೆಂಡತಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ದೇವಕಮ್ಮನ ಗಬ್ಬದ ಆಡು ಮುಂಗಾಲು ಊರಲಾರದೆ ನಿಂತಾಗ ಅವನು ಗತ್ತಿನಿಂದಲೇ ಹೋದ. ನೀವಿದ, ದಿನಕ್ಕೊಂದು ತಿನ್ನಿಸು ಎಂದು ಒಂದು ಬೊಗಸೆ ಉಂಡೆ ಕೊಟ್ಟು ಬಂದ. ಆಡು ನಡೆಯಿತು. ದೇವಕಮ್ಮನಿಗೆ ಖುಷಿಯೋ ಖುಷಿ. ಇನ್ನೂ ಬೇಗ ಗುಣವಾಗಲಿ ಎಂದು ಹೊತ್ತಿಗೊಂದರಂತೆ ತಿನ್ನಿಸಿದಳು. ವಾರದೊಳಗೆ ಆಡು ಮೆಲುಕು ಹಾಕುವುದನ್ನೇ ಬಿಟ್ಟಿತು. ಹಿಕ್ಕೆ ಬೀಳುವುದೇ ಕಷ್ಟವಾಯಿತು, ಬಿದ್ದದ್ದು ಡಾಂಬರಿನಷ್ಟು ಕಪ್ಪಗಿತ್ತು. ಅಂಬಣ್ಣ ಬಂದು ಎಡಪಕ್ಕೆಗೆ ಕಿವಿ ಹಚ್ಚಿದ. ಹುಷಾರಾಗಿರುವ ಆಡಿನ ಹೊಟ್ಟೆ ಅಲ್ಲಿ ಗುಡುಗುಡು ಎನ್ನುತ್ತಲೇ ಇರಬೇಕು. ಏನೂ ಕೇಳಲಿಲ್ಲ.

ಇಬ್ಬರೂ ಆಡನ್ನು ಆಟೋದಲ್ಲಿ ಹಾಕಿಕೊಂಡು ಸುರಪುರದ ದನದ ದವಾಖಾನೆಗೆ ಹೋದರು. ಡಾಕ್ಟರ್ ಚಂದ್ರಕಲಾ ಹೊಟ್ಟೆ ಒತ್ತಿ ನೋಡಿ, "ಏನರ ಔಷಧ ಕೊಟ್ಟೀರೇನ್ರಿ?" ಎಂದರು.

"ಏನಿಲ್ರಿ, ನಮ್ಮ ಅಂಬಣ್ಣ ಸೊಪ್ಪಿನ ಉಂಡಿ ಕೊಟ್ಟಾನ. ಅಂವನ ಕೈಗುಣ ಭಾಳ ಚಲೋ ಅದರಿ," ಎಂದಳು ದೇವಕಮ್ಮ, ಅವನ ಬೆನ್ನು ತಟ್ಟುತ್ತ.

ಅಂಬಣ್ಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಭಾಳ ಸಂಕಟ ಪಡಾಕತ್ತದ. ಮೊದಲ ನೋವಿಂದು ಒಂದು ಇಂಜೆಕ್ಷನ್ ಹಾಕ್ತೀನಿ," ಎಂದು ಡಾಕ್ಟರು ಸಿರಿಂಜು ತುಂಬಿದರು.

ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಸೂಜಿ ಆಡಿನ ಕುತ್ತಿಗೆಯ ಹತ್ತಿರ ಬರುವವರೆಗೂ ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಆಮೇಲೆ ತಡೆಯಲಾಗದೆ ಕೈ ಅಡ್ಡ ಹಿಡಿದ.

"ಹಾಕಬ್ಯಾಡ್ರಿ ಮೇಡಂ. ಉಂಡ್ಯಾಗ ನೋವಿನ ಗುಳಿಗಿ ಅದಾವ್ರಿ. ಮನಶ್ಯಾರು ನುಂಗೋವು."

ಡಾಕ್ಟರು ಸಿರಿಂಜು ಕೆಳಗಿಟ್ಟರು. "ಅದಕ್ಕ ಒಳಗೆಲ್ಲ ಹುಣ್ಣಾಗಿ ರಕ್ತ ಬರಾಕತ್ತದ. ಹುಣ್ಣಾದ ಕರುಳು ತಿಂದಿದ್ದು ಮುಂದಕ್ಕ ತಳ್ಳಂಗಿಲ್ಲ. ಇದರ ಮ್ಯಾಲ ಅದ ಜಾತಿ ಈ ಇಂಜೆಕ್ಷನ್ನೂ ಹಾಕಿದ್ರ ಆಡು ಉಳೀತಿದ್ದಿಲ್ಲ, ಮರಿನೂ ಉಳೀತಿದ್ದಿಲ್ಲ."

ದೇವಕಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನ ಕೈಯಲ್ಲಿದ್ದ ಆಡಿನ ಹಗ್ಗವನ್ನು ತೆಗೆದುಕೊಂಡು ಆಚೆ ಬದಿಗೆ ಹೋಗಿ ನಿಂತಳು.

ಸಲೈನು, ಔಷಧಿ ಅಂತ ಓಡಾಡಿದ ಮೇಲೆ ಆಡು ಉಳಿಯಿತು. ಊರಿಗೆ ಬಂದ ಮೇಲೆ ದೇವಕಮ್ಮ ಗುಳಿಗೆಯ ವಿಷಯ ಯಾರ ಮುಂದೆಯೂ ಬಾಯಿ ಬಿಡಲಿಲ್ಲ; ಆಡು ಉಳಿದದ್ದೂ ಅಂಬಣ್ಣನ ಕೈಗುಣವೇ ಎಂದು ಊರು ನಂಬಿತು. ಅದೇ ಅವನನ್ನು ಕೊಂದು ತಿಂದಿತು. ಓಣಿಯ ಸಾಯಬಮ್ಮ ಒಂದು ದಿನ ಕುಂಟುವ ಕುರಿಮರಿಯನ್ನು ಎತ್ತಿಕೊಂಡು ಬಂದು, "ದೇವಕ್ಕನ ಆಡು ಉಳಿಸಿದ ಕೈ ನಿಂದು. ಇದಕ್ಕೂ ಒಂದು ಉಂಡಿ ಕೊಡಪಾ," ಎಂದಳು. ಓಣಿಯ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಹೌದೆಂದರು. ದೇವಕಮ್ಮ ತನ್ನ ಮನೆ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಉಳಿಸಿದ್ದು ನಾ ಅಲ್ಲ," ಎಂದ ಅಂಬಣ್ಣ. "ನಂದು ಕೈಗುಣನೂ ಅಲ್ಲ, ಮಣ್ಣೂ ಅಲ್ಲ. ಉಂಡ್ಯಾಗ ಮಂಡಿನೋವಿನ ಗುಳಿಗಿ ಹಾಕ್ತಿದ್ದೆ. ದೇವಕ್ಕನ ಆಡು ಕೆಡಿಸಿದಾಂವ ನಾನೇ. ಮರಿ ದವಾಖಾನಿಗಿ ಒಯ್ಯವ್ವ."

ಕಟ್ಟೆಯ ಮೇಲಿನಿಂದ ಯಾರೋ ಥೂ ಎಂದು ಉಗುಳಿದರು.

"ಅಂಬಣ್ಣ, ಬಾ ಇಲ್ಲಿ. ಆಡಿನ ಹೊಟ್ಟಿ ನೋಡು," ಎಂದಳು ದೇವಕಮ್ಮ.

ಅವನು ಹೋಗಿ ಮಂಡಿಯೂರಿ ಬಾಗಿಲ ಪಕ್ಕ ಕಟ್ಟಿದ್ದ ಆಡಿನ ಎಡಪಕ್ಕೆಗೆ ಕಿವಿ ಹಚ್ಚಿದ. ಗುಡುಗುಡು ಚೆನ್ನಾಗಿ ಕೇಳಿಸಿತು. ಆದರೂ ಜನರ ಕಡೆ ಮುಖ ತಿರುಗಿಸಲಾರದೆ ಅವನು ಕಿವಿ ತೆಗೆಯಲಿಲ್ಲ.