ಮುಚ್ಚಳದ ಮೇಲಿನ ಗುಲಾಬಿ ಮೊಗ್ಗು

ಹೈದರಾಬಾದಿನ ಹಳೆಯ ಸಾಮಾನುಗಳ ಹರಾಜು ಅಂಗಡಿಯೊಂದರಲ್ಲಿ ನಾನು ಇಪ್ಪತ್ತು ವರ್ಷ ದುಡಿದೆ. ಯುರೋಪಿನ ಪಿಂಗಾಣಿ ಬಂದರೆ ಅದು ಯಾವ ಕಡೆಯದು, ಎಷ್ಟು ಹಳೆಯದು, ಎಷ್ಟು ಬೆಲೆ ಬಾಳುತ್ತದೆ ಎಂದು ಹೇಳುವುದು ನನ್ನ ಕೆಲಸ. ಅದನ್ನು ಬಿಟ್ಟು ತವರೂರು ಶಹಾಬಾದಕ್ಕೆ ಮರಳಿದಾಗ, ಹಾಸುಗಲ್ಲಿನ ಈ ಊರಲ್ಲಿ ಆ ವಿದ್ಯೆ ಯಾರಿಗೆ ಬೇಕು ಎಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮನಂಥವರು, ಊಟಕ್ಕೆ ಕರೆದರು. ಎಪ್ಪತ್ತು ದಾಟಿದ ಹೆಂಗಸು, ಮೂವರು ಸೊಸೆಯಂದಿರ ಅತ್ತೆ. ರೊಟ್ಟಿ ಬಡಿಸಿ, ಕಪಾಟಿನಿಂದ ಮಾವಿನ ಉಪ್ಪಿನಕಾಯಿಯ ಪಾತ್ರೆ ತಂದಿಟ್ಟರು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಎರಡು ಹಿಡಿಕೆಯ ದುಂಡನೆಯ ಪಿಂಗಾಣಿ, ಮೈತುಂಬ ಬಣ್ಣದ ಹೂ, ಮುಚ್ಚಳದ ಮೇಲೆ ಹಿಡಿಯಲು ಒಂದು ಗುಲಾಬಿ ಮೊಗ್ಗು.

"ಖಾಲಾ, ಇದು ಎಲ್ಲಿಂದ ಬಂತು?"

"ನಮ್ಮ ಮಾವ ಒಬ್ಬ ಬಿಳಿ ಸಾಹೇಬನ ಬಂಗಲ್ಯಾಗ ಅಡಗಿ ಮಾಡ್ತಿದ್ರು. ಸಾಹೇಬ ವಿಲಾಯತಿಗೆ ಹೋಗೋ ಮುಂದ ಕೊಟ್ಟು ಹೋದ. ಯಾಕ ಬೇಟಿ, ಹಂಗ್ಯಾಕ ನೋಡ್ಲಿಕತ್ತಿ?"

ಉಪ್ಪಿನಕಾಯಿ ಬೇರೆ ಜಾಡಿಗೆ ಹೋಯಿತು. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚನೆಯ ನೀರಲ್ಲಿ ತೊಳೆದೆ. ಎಣ್ಣೆ, ಅರಿಶಿನ ಬಿಡುತ್ತಿದ್ದಂತೆ ತಳದಲ್ಲಿ ಅಡ್ಡಡ್ಡ ಇಟ್ಟ ಎರಡು ನೀಲಿ ಕತ್ತಿಗಳು ಕಂಡವು. ಜರ್ಮನಿಯ ಹೆಸರಾಂತ ಕಾರ್ಖಾನೆಯೊಂದರ ಗುರುತು ಅದು. ಆದರೆ ಅದೇ ಗುರುತು ಬರೆದ ನಕಲುಗಳಿಗೆ ಲೆಕ್ಕವಿಲ್ಲ. ಭೂತಗನ್ನಡಿ ಹಿಡಿದೆ. ಅಚ್ಚೊತ್ತಿದ ಹೂವಾದರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಇಲ್ಲಿ ಒಂದೊಂದು ದಳದಲ್ಲೂ ಕುಂಚದ ಎಳೆ ಇತ್ತು. ಬಿಸಿಲಿಗೆ ಒಡ್ಡಿದರೆ ಹಿಂದೆ ಇಟ್ಟ ನನ್ನ ಬೆರಳಿನ ನೆರಳು ತೆಳ್ಳಗೆ ಕಂಡಿತು. ಅಸಲು ಮಾಲು, ನೂರು ವರ್ಷ ಮೀರಿದ್ದು. ಎದೆ ಹಗುರಾಗಿ ನಗು ಬಂತು.

ಮೊಗ್ಗು ಮಾತ್ರ ಕೈಗೆ ಅಲುಗಿತು. ಬುಡದಲ್ಲಿ ಅರಗಿನ ಕಂದು ಗೆರೆ. ಇದು ಒಡೆದು ಅಂಟಿಸಿದ್ದು ಎಂದೆ. ಖಾಲಾರ ಮುಖ ಬಾಡಿತು. ಸೊಸೆಯಂದಿರ ಮುಂದೆಯೇ ಹೇಳಿದರು:

"ನಾನೇ ಒಡದೀನಿ. ಲಗ್ನ ಆಗಿ ತಿಂಗಳಾಗಿತ್ತು. ಮುಚ್ಚಳಾ ಎತ್ತಿದ್ರ ಮೊಗ್ಗು ಕೈಯಾಗ ಬಂತು. ನಮ್ಮ ಅತ್ತೆಯವರಿಗಿ ಗೊತ್ತಾಗಬಾರ್ದಂತ ಅರಗು ಕಾಸಿ ಹಚ್ಚಿಬಿಟ್ಟೆ. ಅವರು ತೀರಿಕೊಳ್ಳೋತನಕಾ ಹೇಳ್ಲಿಲ್ಲ."

ಅರಗು ಹಳೆಯದಾಗಿ ಪುಡಿಯಾಗುತ್ತಿತ್ತು. ಮೊಗ್ಗನ್ನು ಮೆಲ್ಲಗೆ ತಿರುಗಿಸಿದೆ, ಬಿಟ್ಟುಕೊಂಡಿತು. ಒಳಗೆ ಮುಚ್ಚಳಕ್ಕೆ ರಂಧ್ರ ಕೊರೆದು ಕೂರಿಸಿದ ಹಿತ್ತಾಳೆಯ ಕಡ್ಡಿ ಇತ್ತು, ಸುತ್ತ ಗಟ್ಟಿಯಾದ ಬಿಳಿ ಗಾರೆ.

"ಖಾಲಾ, ಈ ಕಡ್ಡಿ ನೀವು ಹಾಕಿದ್ರೇನು?"

"ನಾನೆಲ್ಲಿಂದ ಹಾಕ್ಲಿ? ಅದು ಮೊದಲಿಂದ ಹಂಗೇ ಇತ್ತು. ಅದರ ಹುಟ್ಟೇ ಹಂಗಂತ ತಿಳ್ಕೊಂಡಿದ್ದೆ."

"ಇಲ್ಲರಿ. ಸಾಹೇಬರ ಮನ್ಯಾಗೇ ಒಮ್ಮೆ ಒಡದದ. ಅವರು ರಿಪೇರಿ ಮಾಡಿಸ್ಯಾರ. ನಿಮ್ಮ ಕೈಯಾಗ ಬರೇ ಹಳೇ ಗಾರೆ ಬಿಟ್ಟದ."

ಖಾಲಾ ಕಡ್ಡಿಯನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ನಗತೊಡಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಐವತ್ತು ವರ್ಷ ಬೇಟಿ, ಸುಳ್ಳೇ ಹೆದರೀನಿ," ಎಂದರು. ಸೊಸೆಯಂದಿರೂ ನಗು ತಡೆಯಲಾಗದೆ ಗೋಡೆಗೆ ಒರಗಿದರು.

ಬೆಲೆ ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಮೊಗ್ಗು ಒಡೆಯದೆ ಇದ್ದಿದ್ದರೆ ಮೂರು ಪಟ್ಟು ಬರುತ್ತಿತ್ತು. ರಿಪೇರಿಯ ಸಂಗತಿ ಮುಚ್ಚಿಡದೆ ಬರೆದರೂ ಒಂದು ಒಳ್ಳೆಯ ಎಮ್ಮೆ ಕೊಳ್ಳುವಷ್ಟು ದುಡ್ಡು ಬಂದೀತು. ಮಾರಿಬಿಡು ಎಂದರು ಖಾಲಾ, ಒಂದು ಗಳಿಗೆಯೂ ಯೋಚಿಸದೆ. ನನ್ನ ಹಳೆಯ ಅಂಗಡಿಗೇ ಕಳಿಸಿದೆ. ಕಡ್ಡಿ, ಅರಗು ಎರಡರ ಸಂಗತಿಯನ್ನೂ ಹರಾಜಿನ ಪಟ್ಟಿಯಲ್ಲಿ ಬರೆಸಿದೆ. ನಾನು ಹೇಳಿದ್ದಕ್ಕಿಂತ ತುಸು ಹೆಚ್ಚೇ ಬಂತು.

ಆ ದುಡ್ಡಿನಲ್ಲಿ ಖಾಲಾ ಹೊಚ್ಚಹೊಸ ಇಪ್ಪತ್ತನಾಲ್ಕು ಪಿಂಗಾಣಿ ತಾಟು ತಂದು ಓಣಿಯ ಹೆಂಗಸರಿಗೆಲ್ಲ ದಾವತ್ ಮಾಡಿದರು. ಬಡಿಸುವ ಅವಸರದಲ್ಲಿ ಕಿರಿಯ ಸೊಸೆಯ ಕೈಯಿಂದ ಒಂದು ತಾಟು ಹಾಸುಗಲ್ಲಿನ ಮೇಲೆ ಬಿದ್ದು ಚೂರಾಯಿತು. ಆಕೆ ಅತ್ತೆಯ ಕಡೆ ನೋಡಿದಳು.

"ಇನ್ನಾ ಇಪ್ಪತ್ತಮೂರು ಅವ," ಎಂದರು ಖಾಲಾ. "ಕಾಲಿಗಿ ಚುಚ್ಚೀತು, ಆಕಡಿ ಸರಿ. ಎಲ್ಲಾರೂ ಕುಂದ್ರಿ, ಬಿರಿಯಾನಿ ಆರ್ಲಿಕತ್ತದ."