ಮಾಸ್ಟ್ರ ಮಾರ್ಜಿನ್ನು, ಬಾಬಿನ್ನಿನ ಸಕ್ಕರೆ

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ಮಾಸ್ಟ್ರು ಎನ್ನುತ್ತಾರೆ. ಅವರಿಗೆ ಹೆಸರಿಲ್ಲವೆಂದಲ್ಲ. ಅಂಗಡಿಯ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ದೊಡ್ಡದಾಗಿಯೇ ಬರೆಸಿದ್ದಾರೆ. ಅದನ್ನು ಪೂರ್ತಿ ಓದಿದವನು ಬಹುಶಃ ಬೋರ್ಡು ಬರೆದವನೊಬ್ಬನೇ. ಕೊರಳಿಗೆ ಅಳತೆಯ ಟೇಪು ಇಳಿಬಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವರು ನಿಂತರೆ, ದೊಡ್ಡಾಸ್ಪತ್ರೆಯ ತಜ್ಞರೊಬ್ಬರು ದಾರಿ ತಪ್ಪಿ ಹೊಲಿಗೆ ಅಂಗಡಿಗೆ ಬಂದಂತೆ ಕಾಣುತ್ತದೆ. ಇದು ನಮಗಿಂತ ಮೊದಲು ಅವರಿಗೇ ಹೊಳೆದದ್ದು.

ಮಾಸ್ಟ್ರ ಕಸುಬಿನ ತಿರುಳೆಲ್ಲ ಮಾರ್ಜಿನ್ನಿನಲ್ಲಿದೆ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಹೊಲಿಗೆಗೆ. ಕತ್ತರಿ ಓಡಬೇಕಾದದ್ದು ಅದರಾಚೆ, ಒಂದು ಬೆರಳು ಬಿಟ್ಟು. ಆ ಒಂದು ಬೆರಳು ಬಟ್ಟೆ ಒಳಗೆ ಮಡಚಿಕೊಂಡು ತೆಪ್ಪಗೆ ಕೂತಿದ್ದು, ಗಿರಾಕಿಯ ಹೊಟ್ಟೆ ಮುಂದೆ ಬಂದ ದಿನ ಬಿಚ್ಚಿಕೊಂಡು ಅವನ ಮಾನ ಕಾಯುತ್ತದೆ. ಈ ತತ್ವ ಅಂಗಡಿಯ ಹೊಸ್ತಿಲು ದಾಟಿ ಬಹಳ ಕಾಲವಾಯಿತು. ಬಸ್ಸಿಗೆ ಮಾರ್ಜಿನ್ ಬಿಟ್ಟು ಹೊರಟು ಅದಕ್ಕಿಂತ ಮುಂಚಿನ ಬಸ್ಸನ್ನೇ ಹತ್ತಿಬಿಡುತ್ತಾರೆ. ಮಾತಿಗೂ ಅದೇ ನಿಯಮ: ಒಂದು ಸುದ್ದಿ ಅವರ ಕಿವಿಗೆ ಬಿದ್ದು ಬಾಯಿಂದ ಹೊರಬರುವಷ್ಟರಲ್ಲಿ ಒಂದು ಸೈಜು ದೊಡ್ಡದಾಗಿರುತ್ತದೆ.

ಇನ್ನು ಬಾಬಿನ್. ಅದು ಮಾಸ್ಟ್ರ ಬೆಕ್ಕು. ಮರಿಯಾಗಿದ್ದಾಗ ಚೂರುಬಟ್ಟೆಯ ಬುಟ್ಟಿಯಲ್ಲಿ ಸಿಕ್ಕಿತು. ತುಂಬ ದಾರ ಸುತ್ತಿದ ಬಾಬಿನ್ನಿನ ಹಾಗೆ ದುಂಡಗಾದ ಮೇಲೆ ಆ ಹೆಸರು ಬಂತು. ಮಕ್ಕಳಿಲ್ಲದ ಮನೆಯಲ್ಲಿ ಗಂಡಹೆಂಡತಿ ಜಗಳವಾಡಲಿಕ್ಕೂ, ರಾಜಿಯಾಗಲಿಕ್ಕೂ ಅದೇ ದಾರಿ. ಇಬ್ಬರೂ ಮಾತು ಬಿಟ್ಟ ದಿನಗಳಲ್ಲಿ "ಬಾಬಿನ್, ಊಟಕ್ಕೆ ಬರಬೇಕಂತೆ ಅಂತ ಹೇಳು" ಎಂಬ ದೂತಕಾರ್ಯವನ್ನೂ ಅದು ಮುಖದ ಮೇಲೆ ಏನೂ ತೋರಿಸಿಕೊಳ್ಳದೆ ಮಾಡಿದೆ.

ಹಿಂದೊಮ್ಮೆ ಇದೇ ಬಾಬಿನ್‌ಗೆ ಸಕ್ಕರೆ ಕಾಯಿಲೆ ಬಂದಿತ್ತು. ಇಸ್ತ್ರಿಗೆ ಚಿಮುಕಿಸಲು ಇಟ್ಟ ನೀರಿನ ಬಟ್ಟಲನ್ನೂ ಬಿಡದೆ ಕುಡಿಯತೊಡಗಿದಾಗ ಪಶುವೈದ್ಯೆಯ ಬಳಿಗೆ ಒಯ್ದರು. ಬೆಳಿಗ್ಗೆ ಸಂಜೆ ಇನ್ಸುಲಿನ್, ಅಳೆದು ಹಾಕುವ ಊಟ. ಚುಚ್ಚಿದ್ದು, ಅಳೆದದ್ದು, ಕಿವಿಯಿಂದ ಹನಿ ರಕ್ತ ತೆಗೆದು ಪುಟ್ಟ ಮೀಟರಿನಲ್ಲಿ ಸಕ್ಕರೆ ನೋಡಿದ್ದು ಮಾಸ್ಟ್ರ ಹೆಂಡತಿ. ಹಿಂದಿನ ಕೋಣೆಯಲ್ಲಿ ಕೂತು ಕಾಜ ಗುಂಡಿಯ ಕೆಲಸ ಮಾಡುವ ಆಕೆಗೆ ಮಾತು ಕಡಿಮೆ, ಮಾತಿಗೆ ಮೊನೆ ಜಾಸ್ತಿ. ಮಾಸ್ಟ್ರು ಆಗ ಪಕ್ಕದಲ್ಲಿ ನಿಂತು ಸಲಹೆ ಕೊಟ್ಟಿದ್ದರು. ಕೆಲವು ತಿಂಗಳಿಗೆ ಸಕ್ಕರೆ ತಾನಾಗಿ ಹತೋಟಿಗೆ ಬಂದು ಇನ್ಸುಲಿನ್ ನಿಂತಿತು. ಡಾಕ್ಟರಮ್ಮ ಇದಕ್ಕೆ ರೆಮಿಷನ್ ಎನ್ನುತ್ತಾರೆಂದೂ, ಕಾಯಿಲೆ ಹೋಗಿಲ್ಲ, ಮಲಗಿದೆ, ಎಬ್ಬಿಸಬೇಡಿ ಎಂದೂ ಹೇಳಿದರು. ಮಾಸ್ಟ್ರು ಇದರಲ್ಲಿ ಅರ್ಧ ಕೇಳಿಸಿಕೊಂಡು ಎದ್ದುಬಂದರು.

ಅಂದಿನಿಂದ ಶುರುವಾಯಿತು. "ನಾನು ಬಾಬಿನ್‌ನ ವಾಸಿ ಮಾಡಿದ್ದು" ಎಂಬ ಕಥೆ ಪ್ರತಿ ಪ್ಯಾಂಟಿನ ಅಳತೆಯ ಜೊತೆ ಪುಕ್ಕಟೆ ಸಿಗತೊಡಗಿತು. ಸೊಂಟಕ್ಕೆ ಟೇಪು ಸುತ್ತಿ ಒಂದು ಕ್ಷಣ ಮೌನವಾಗಿ ನಿಂತು, "ಅನ್ನ ಕಮ್ಮಿ ಮಾಡಿ" ಎನ್ನುವರು. ಮನೆಯಿಂದ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲವನ್ನೂ ಗಡೀಪಾರು ಮಾಡಿದರು, ಕಾಯಿಲೆಯ ಮನೆಯಲ್ಲಿ ವೈರಿಗೆ ಜಾಗ ಯಾಕೆ ಎಂದು. ಬೆಕ್ಕು ಟೀ ಕುಡಿಯುವುದಿಲ್ಲವಲ್ಲ ಎಂದು ಹೆಂಡತಿ ನೆನಪಿಸಿದರೆ, ತತ್ವ ಅಂದರೆ ತತ್ವ ಎಂದರು. ಎದುರು ಸಾಲಿನಲ್ಲಿ ಕ್ಷೌರದಂಗಡಿ ಇಟ್ಟಿರುವ ಸಲೂನಣ್ಣನಿಗೆ ಇದೆಲ್ಲ ಹಬ್ಬ. ಮಾಸ್ಟ್ರು ಹೊರಗೆ ಬಂದರೆ ಸಾಕು, ಗಿರಾಕಿಯ ತಲೆಯ ಮೇಲಿಂದಲೇ ಕೇಳುವನು:

"ಮಾಸ್ಟ್ರೇ, ನಂಗೂ ತಲೆ ತಿರುಗ್ತಿದೆ. ನಿಮ್ಮನ್ನ ನೋಡ್ಲಾ, ಇಲ್ಲ ಬಾಬಿನ್‌ನೇ ನೋಡ್ಲಾ?"

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಇಸ್ತ್ರಿಯ ಬಟ್ಟಲು ಮತ್ತೆ ಬರಿದಾಗತೊಡಗಿತು. ಬೆಕ್ಕಿನ ಉಚ್ಚೆಯ ಮರಳು ದಿನವೂ ಹೆಚ್ಚು ಹೆಚ್ಚು ಭಾರವಾಯಿತು. ಮೇಜಿಗೆ ಜಿಗಿಯುತ್ತಿದ್ದ ಬಾಬಿನ್ ಹಿಂಗಾಲಿನ ಹಿಮ್ಮಡಿ ಊರಿ, ದೊಡ್ಡವರ ಚಪ್ಪಲಿ ಹಾಕಿಕೊಂಡ ಮಗುವಿನಂತೆ ನಡೆಯುತ್ತಿತ್ತು. ಹೆಂಡತಿ ಗಮನಿಸಿ ಹೇಳಿದಳು. ಮಾಸ್ಟ್ರು ಬೆಕ್ಕಿನ ಸೊಂಟಕ್ಕೆ ಟೇಪು ಸುತ್ತಿ, ಮೊದಲಿಗಿಂತ ಇಳಿದಿರುವುದನ್ನು ಕಂಡು, ಫಿಟ್ ಆಗಿದ್ದಾನೆ ಎಂದು ಸರ್ಟಿಫಿಕೇಟ್ ಕೊಟ್ಟರು.

ಡಾಕ್ಟರಮ್ಮನ ಮೀಟರು ಬೇರೆ ಹೇಳಿತು. ಮಲಗಿದ್ದದ್ದು ಎದ್ದಿತ್ತು. ಊಟ ಹೇಗೆ ಕೊಡುತ್ತಿದ್ದೀರಿ ಎಂಬ ಪ್ರಶ್ನೆಗೆ ಮಾಸ್ಟ್ರು, ನೀವು ಹೇಳಿದ ಅಳತೆಯಲ್ಲೇ ಎಂದರು. ಹೆಂಡತಿ ಸೀಲಿಂಗ್ ಫ್ಯಾನು ನೋಡಿದಳು. ಡಾಕ್ಟರಮ್ಮ ಆಕೆಯನ್ನು ನೋಡಿದರು. ಕೊನೆಗೆ ಹೊರಬಂದದ್ದು ಇಷ್ಟು: ಗುಂಡಿ ಡಬ್ಬಗಳ ಸಾಲಿನಲ್ಲಿ ಒಂದು ಡಬ್ಬದ ತುಂಬ ಬೆಕ್ಕಿನ ಬಿಸ್ಕತ್ತು ಇತ್ತು. ಗುಣವಾದ ಮೈ ಸ್ವಲ್ಪ ತುಂಬಿಕೊಳ್ಳಲಿ ಎಂದು ಮಾಸ್ಟ್ರು ಅಳತೆಯ ಊಟಕ್ಕೆ ದಿನವೂ ಒಂದು ಹಿಡಿ ಮಾರ್ಜಿನ್ ಬಿಡುತ್ತಿದ್ದರು. ಡಾಕ್ಟರಮ್ಮ ಬೈಯಲಿಲ್ಲ. ಅದರಿಂದಲೂ ಇರಬಹುದು, ಏನೂ ತಪ್ಪು ಮಾಡದವರ ಮನೆಯಲ್ಲೂ ತಿರುಗಿ ಬರುತ್ತದೆ ಎಂದರು. ಆದರೆ ಈ ಸಲ ಬಿಟ್ಟುಹೋಗುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ, ಜೀವನಪೂರ್ತಿ ಚುಚ್ಚಬೇಕಾಗಬಹುದು ಎಂದೂ ಸೇರಿಸಿದರು. ಸದ್ಯಕ್ಕೆ ಎರಡು ಹೊತ್ತೂ ಒಂದೊಂದು ಯೂನಿಟ್, ಊಟ ಮಾಡಿದ ಮೇಲೆ ಮಾತ್ರ. ಕಿವಿಯ ರಕ್ತ ನೋಡುವುದು ತಪ್ಪಕೂಡದು.

ದಾರಿಯುದ್ದಕ್ಕೂ ಮಾಸ್ಟ್ರಿಗೆ ಒಂದೇ ಚಿಂತೆ: ಸಲೂನಿಗೆ ಗೊತ್ತಾಗಬಾರದು. ಔಷಧದ ಚೀಲವನ್ನು ಜೊತೆಗೇ ಒಯ್ದಿದ್ದ ಗಿರಾಕಿಯ ಕೋಟಿನೊಳಗೆ ಸುತ್ತಿ, ಕೋಟನ್ನು ಕೂಸಿನಂತೆ ಎದೆಗವಚಿ ಅಂಗಡಿ ಸೇರಿದರು. ಸಂಜೆ ಚುಚ್ಚುವ ಹೊತ್ತು ಬಂತು. ಹೆಂಡತಿ ಸಿರಿಂಜನ್ನು ತಂದು ಅವರ ಮುಂದೆ ಕತ್ತರಿಸುವ ಮೇಜಿನ ಮೇಲಿಟ್ಟಳು.

"ಎರಡು ವರ್ಷದಿಂದ ನಾನೇ ಚುಚ್ಚಿದೆ, ನಾನೇ ವಾಸಿ ಮಾಡ್ದೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರಲ್ಲ. ಈಗ ಚುಚ್ಚಿ. ನಿಮ್ಮ ಮಾತು ಸುಳ್ಳಾಗೋದು ನಂಗೂ ಇಷ್ಟ ಇಲ್ಲ."

ಮಾಸ್ಟ್ರು ಅಂಗಿಯ ತೋಳು ಮಡಚಿದರು. ಸೂಜಿ ಹಿಡಿದೇ ತಲೆ ನರೆತವನಿಗೆ ಇದೊಂದು ಸೂಜಿಯೇ ಎಂಬ ಅರ್ಥದ ಭಾಷಣವೂ ಆಯಿತು. ನಿಜ ಹೇಳಬೇಕೆಂದರೆ, ಆ ಕೈ ಒಳ್ಳೆಯದೇ. ಕೋಟಿನ ಬೆನ್ನಿಗೆ ಮಡಿಕೆ ಹಿಡಿಯುವ ಹಾಗೆ ಬೆಕ್ಕಿನ ಬೆನ್ನಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಚುಚ್ಚಿ, ತೆಗೆದರು. ಬಾಬಿನ್ ಬಟ್ಟಲಿನಿಂದ ತಲೆಯನ್ನೇ ಎತ್ತಲಿಲ್ಲ. ಹೆಂಡತಿಗೆ ಇದು ಹಿಡಿಸಲಿಲ್ಲ; ತಾನು ಚುಚ್ಚುವಾಗ ಅದು ಗುರ್ ಎನ್ನುತ್ತಿತ್ತು. ಆಕೆ ಹಿಂದಿನ ಕೋಣೆಗೆ ಹೋಗಿ ಗುಂಡಿಗೆ ಕೂತಳು. ಆಮೇಲಿನ ದಿನಗಳಲ್ಲೂ ಚುಚ್ಚುವ ಹೊತ್ತಿಗೆ ಈ ಕಡೆ ತಿರುಗಿಯೂ ನೋಡಲಿಲ್ಲ.

ನೋಡಬೇಕಾಗಿತ್ತು. ಸಿರಿಂಜಿನ ಮೇಲೆ ಕೂದಲಿನಂಥ ಗೆರೆಗಳಿದ್ದವು, ಮಾಸ್ಟ್ರಿಗೆ ಗೆರೆ ಎಂದರೆ ಗೊತ್ತಿದ್ದದ್ದು ಒಂದೇ. ಡಾಕ್ಟರಮ್ಮ ಹೇಳಿದ ಗೆರೆ ಹೊಲಿಗೆಯ ಗೆರೆ. ನುರಿತ ಕೈ ಅದರಾಚೆ ಒಂದಿಷ್ಟು ಬಿಡುತ್ತದೆ. ಬಿಟ್ಟರು. ಕೆಲವು ದಿನಕ್ಕೆ ಬಟ್ಟಲಿನ ನೀರು ಉಳಿಯತೊಡಗಿತು. ಗುಣ ಕಂಡ ಮೇಲೆ ಮಾರ್ಜಿನ್ನಿಗೊಂದು ಮಾರ್ಜಿನ್ ಸೇರಿಸಿದರು. ಕಿವಿಯ ರಕ್ತದ ವಿಷಯಕ್ಕೆ ಬಂದರೆ ಅವರ ವಿದ್ಯೆ ನಡೆಯಲಿಲ್ಲ. ಕಿವಿ ಮುಟ್ಟಿದರೆ ಬಾಬಿನ್ ಬಟ್ಟೆಗಂಟುಗಳ ಮೇಲಿಂದ ಹೇಗೋ ತೆವಳಿ ಬೀರು ಹತ್ತಿ ಕೂರುವುದು, ಮಾಸ್ಟ್ರು ಸ್ಟೂಲು ಹತ್ತುವುದು, ಅದು ಇಳಿಯುವುದು. ಕೊನೆಗೆ ಮೀಟರನ್ನು ಡ್ರಾಯರಿನಲ್ಲಿ ಮಲಗಿಸಿದರು. ಹೆಂಡತಿ ಒಳಗಿನಿಂದಲೇ ಎಷ್ಟು ಬಂತು ಎಂದು ಕೇಳಿದರೆ, "ಪರವಾಗಿಲ್ಲ" ಎಂಬ ಅಂಕಿಯನ್ನು ಕೊಡುತ್ತಿದ್ದರು.

ಶಾಲೆಯ ಸಮವಸ್ತ್ರಗಳ ಕಾಲ ಬಂತು. ಅಂಗಡಿಯ ತುಂಬ ಅಳತೆಗೆ ಬಂದ ಮಕ್ಕಳು, ತಾಯಂದಿರು, ಎಲ್ಲರಿಗೂ ನಾಳೆಯೇ ಬೇಕು. ಆ ಬೆಳಿಗ್ಗೆ ಬಾಬಿನ್ ಅರ್ಧ ತಿಂದು ಬಟ್ಟಲು ಬಿಟ್ಟಿತ್ತು. ಮಾಸ್ಟ್ರು ಒಂದು ಕಣ್ಣು ಗಿರಾಕಿಯ ಮೇಲಿಟ್ಟು, ಎಂದಿನಂತೆ ಗೆರೆ ದಾಟಿಸಿ, ಚುಚ್ಚಿದರು.

ಮಧ್ಯಾಹ್ನ ಅಂಗಡಿ ಖಾಲಿಯಾಗಿತ್ತು. ಬಾಬಿನ್ ಮೇಜಿನ ಕೆಳಗಿಂದ ಬಂದು ಒಂದು ಸುತ್ತು ತೂರಾಡಿ, ನೀಲಿ ಬಟ್ಟೆಯ ರಾಶಿಯ ಮೇಲೆ ಬಿತ್ತು. ನಿದ್ದೆ ಎಂದುಕೊಂಡರು ಮಾಸ್ಟ್ರು. ದಾರ ಕೇಳಲು ಬಂದ ಹೆಂಡತಿ ನೋಡಿದಾಗ ಅದರ ಕಾಲು ತನ್ನಷ್ಟಕ್ಕೆ ಅದುರುತ್ತಿತ್ತು, ಕಣ್ಣು ಇಷ್ಟಗಲ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಆಕೆಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಇಂಥ ಹೊತ್ತಿಗೆ ಮಾಡಬೇಕಾದದ್ದನ್ನು ಡಾಕ್ಟರಮ್ಮ ಹಿಂದೆಯೇ ಹೇಳಿಕೊಟ್ಟಿದ್ದರು: ಒಸಡಿಗೆ ಜೇನುತುಪ್ಪವೋ ಸಕ್ಕರೆ ಪಾಕವೋ ಸವರಿ, ತಕ್ಷಣ ಕರೆತನ್ನಿ.

ಆಕೆ ಅಡುಗೆಮನೆಗೆ ಓಡಿದಳು, ಓಡಿದಷ್ಟೇ ವೇಗದಲ್ಲಿ ಬರಿಗೈಯಲ್ಲಿ ಬಂದಳು. ಸಕ್ಕರೆಯ ಮೇಲೆ ಜಯ ಸಾಧಿಸಿದ ಆ ಮನೆಯಲ್ಲಿ ಇರುವೆಗೂ ಗತಿಯಿರಲಿಲ್ಲ. ಹಾಲು ತುಂಬಿದ ಟೀಗೆ ಸಕ್ಕರೆಯನ್ನು ಸುರಿದುಕೊಂಡು ಕುಡಿಯುವವನು ಹತ್ತಿರದಲ್ಲಿ ಒಬ್ಬನೇ ಇದ್ದ, ಎದುರು ಸಾಲಿನ ಸಲೂನಣ್ಣ.

ಮಾಸ್ಟ್ರು ಬಾಗಿಲಲ್ಲಿ ನಿಂತರು. ನಿಂತರು ಎನ್ನುವುದೂ ದೊಡ್ಡ ಮಾತು; ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಹಾರ್ನು ಹೊಡೆಯುತ್ತಿದ್ದ ಸ್ಕೂಟರಿನ ಮುಂದೆಯೇ ಬೀದಿ ದಾಟಿದರು. ಒಂದು ಚಪ್ಪಲಿ ಈಚೆಯೇ ಉಳಿಯಿತು.

"ಸಕ್ಕರೆ ಕೊಡಪ್ಪಾ."

ಸಲೂನಣ್ಣ ಒಬ್ಬ ಟ್ಯಾಕ್ಸಿ ಡ್ರೈವರಿಗೆ ಗಡ್ಡ ಹೊಡೆಯುತ್ತಿದ್ದ. ಕತ್ತಿ ಗಾಳಿಯಲ್ಲಿ ನಿಂತಿತು. "ಸಕ್ಕರೆನಾ? ನಿಮ್ಮನೆಗಾ?"

"ಬಾಬಿನ್‌ಗೆ ತಿರುಗಿ ಬಂದಿದೆ. ಬಂದು ತಿಂಗಳಾಯ್ತು. ಔಷಧಿ ಜಾಸ್ತಿ ಆಗ್ಬಿಟ್ಟಿದೆ."

ಎರಡು ವರ್ಷದಿಂದ ಇಂಥ ಒಂದು ವಾಕ್ಯಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದ ಸಲೂನಣ್ಣ ಅದನ್ನು ಬಳಸಿಕೊಳ್ಳಲಿಲ್ಲ. ಸಕ್ಕರೆ ಡಬ್ಬ, ಕ್ಷೌರಕ್ಕೆ ಇಟ್ಟಿದ್ದ ಬಿಸಿನೀರು ಎರಡನ್ನೂ ಎತ್ತಿಕೊಂಡು ಓಡಿಬಂದ. ಪಾಕ ಕಲಸಿದ. ಗಿರಾಕಿಯ ಗಲ್ಲ ಎತ್ತುವ ಹಾಗೆಯೇ ಬೆಕ್ಕಿನ ಗಲ್ಲವನ್ನು ಹೆಬ್ಬೆರಳಲ್ಲಿ ಎತ್ತಿ ಹಿಡಿದ; ಮಾಸ್ಟ್ರ ಹೆಂಡತಿ ಒಸಡಿಗೆ ಸವರಿದಳು. ಮಾಸ್ಟ್ರು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. ಮೊದಲು ಏನೂ ಆಗಲಿಲ್ಲ. ಆಮೇಲೆ ನಾಲಗೆ ಒಂದು ಸಲ ಹೊರಗೆ ಬಂದು, ರುಚಿ ನೋಡಿ, ಒಳಗೆ ಹೋಯಿತು. ಮತ್ತೆ ಬಂತು. ಹೊರಗೆ ಟ್ಯಾಕ್ಸಿ ಸ್ಟಾರ್ಟ್ ಆದ ಸದ್ದು. ಡ್ರೈವರು ಒಂದು ಕೆನ್ನೆಯ ನೊರೆಯನ್ನು ಹಾಗೇ ಇಟ್ಟುಕೊಂಡು ಹಿಂದಿನ ಬಾಗಿಲು ತೆರೆದಿದ್ದ.

ಆಸ್ಪತ್ರೆಯಲ್ಲಿ ಬಾಬಿನ್‌ನ ಮುಂಗಾಲಿಗೆ ಡ್ರಿಪ್ ಹಾಕಿದ ಮೇಲೆ ಡಾಕ್ಟರಮ್ಮ ಕೇಳಿದರು, ಎಷ್ಟು ಕೊಟ್ಟಿದ್ದಿರಿ?

"ಒಂದು" ಎಂದರು ಮಾಸ್ಟ್ರು. ಬೆಕ್ಕನ್ನು ನೋಡಿದರು. "ಒಂದು, ಮಾರ್ಜಿನ್ ಬಿಟ್ಟು."

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಮಾಸ್ಟ್ರು ಖಾಲಿ ಸಿರಿಂಜೊಂದನ್ನು ಕೇಳಿ ಪಡೆದು ತೋರಿಸಿದರು: ಇದು ನೀವು ಹೇಳಿದ ಗೆರೆ, ಇಲ್ಲಿವರೆಗೆ ಕಸುಬು. ಎರಡೂವರೆ ಯೂನಿಟ್ಟಿನ ಹತ್ತಿರ ಬಂತು.

"ಮಾಸ್ಟ್ರೇ, ಇದನ್ನ ಆಮೇಲೆ ಬಿಚ್ಚಿ ಒಳಗೆ ಹಿಡಿಯೋಕಾಗಲ್ಲ" ಎಂದರು ಡಾಕ್ಟರಮ್ಮ. "ಇನ್ನರ್ಧ ಗಂಟೆ ಬಿಟ್ಟು ತಂದಿದ್ರೆ ನಾನೂ ಏನೂ ಮಾಡೋಕಾಗ್ತಿರಲಿಲ್ಲ."

"ನಾನೂ ನೋಡ್ಲಿಲ್ಲ" ಎಂದಳು ಹೆಂಡತಿ. "ಇವರ ಮೇಲಿನ ಸಿಟ್ಟಿಗೆ." ಗಂಡನ ತಪ್ಪಿನಲ್ಲಿ ಆಕೆ ಪಾಲು ಕೇಳಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಮರುದಿನ ಬಾಬಿನ್ ಮನೆಗೆ ಬಂತು, ಮೊದಲಿಗಿಂತ ಕಡಿಮೆ ಪ್ರಮಾಣದ ಚೀಟಿಯೊಂದಿಗೆ. ಸಿರಿಂಜು ತುಂಬುವುದು ಈಗ ಹೆಂಡತಿಯ ಕೆಲಸ. ಕಿಟಕಿಯ ಬೆಳಕಿಗೆ ಹಿಡಿದು ಗೆರೆಗೆ ಸರಿಯಾಗಿ ನಿಲ್ಲಿಸಿ, ಗಂಡನ ಕೈಗೆ ಕೊಟ್ಟು, ಅವರು ಚುಚ್ಚಿ ಮುಗಿಸುವವರೆಗೆ ಆ ಕೈಯನ್ನೇ ನೋಡುತ್ತಾಳೆ. ಉಳಿದದ್ದು ಕಿವಿಯ ರಕ್ತ. ಅದನ್ನು ನೋಡದೆ ಒಂದು ಹನಿಯೂ ಕೊಡಕೂಡದೆಂದು ಡಾಕ್ಟರಮ್ಮ ಆಣೆ ಹಾಕಿಸದಿದ್ದುದೇ ಹೆಚ್ಚು. ಹೆಂಡತಿ ಹಿಡಿದರೂ ಈಗ ಬಾಬಿನ್ ಬೀರು ಹತ್ತುತ್ತಿತ್ತು. ಆ ಸ್ಟೂಲಿನ ಓಟ ಅದರ ಮನಸ್ಸಿನಲ್ಲಿ ಉಳಿದಿತ್ತು. ಸಲೂನಣ್ಣ ಬಾಗಿಲಲ್ಲಿ ನಿಂತು ನೋಡಿ ಹೇಳಿದ, "ಕಿವಿ ತಾನೇ? ಯಾರ್ಯಾರದೋ ಕಿವಿ ಮಡಚಿ ಹಿಡಿದೇ ನಾನು ಹೊಟ್ಟೆ ಹೊರೆಯೋದು. ಕೊಡಿ ಇಲ್ಲಿ." ಅವನ ಕೈಯಲ್ಲಿ ಬೆಕ್ಕು ಕಣ್ಣು ಮುಚ್ಚಿ, ತಲೆ ವಾಲಿಸಿ, ಬಿಸಿ ಟವೆಲ್ಲಿಗೆ ಕಾಯುವ ಗಿರಾಕಿಯಂತೆ ಕೂತಿತು. ಹನಿ ಬಂತು.

ಅಂದಿನಿಂದ ಬೆಳಿಗ್ಗೆ ಸಂಜೆ ಅವನು ಬೀದಿ ದಾಟಿ ಬರುತ್ತಾನೆ. ಬೀದಿ ದಾಟಿ ವಾಪಸು ಹೋಗುವಾಗ ಸುದ್ದಿಯನ್ನೂ ಒಯ್ಯುತ್ತಾನೆ. ಈಗ ಕ್ಷೌರದಂಗಡಿಯ ಕನ್ನಡಿಗಳ ಮುಂದೆ ನಡೆಯುವ ಮಾತು ಕೇಳಬೇಕು. "ನಾನು ನೋಡ್ಕೊಳ್ತಿರೋ ಬೆಕ್ಕು" ಎಂದು ಶುರುವಾಗುತ್ತದೆ. ಸಕ್ಕರೆ ಏರುವುದು, ಇಳಿಯುವುದು, ಅವನ ಕೈ ಬಿದ್ದ ಮೇಲೆ ಸ್ಥಿರವಾದದ್ದು; ತಲೆ ಬಗ್ಗಿಸಿ ಕೂತ ಗಿರಾಕಿ ಹೂಂ ಅನ್ನದೆ ಎಲ್ಲಿಗೆ ಹೋದಾನು? ಬೇಸಗೆಯಲ್ಲಿ ಎರಡೂ ಅಂಗಡಿಯ ಬಾಗಿಲು ತೆರೆದೇ ಇರುವುದರಿಂದ ಒಂದೊಂದು ಅಕ್ಷರವೂ ಮಾಸ್ಟ್ರಿಗೆ ಕೇಳಿಸುತ್ತದೆ. ಆಗ ಅವರ ಹೊಲಿಗೆ ಯಂತ್ರ ಸ್ವಲ್ಪ ಜೋರಾಗಿ ಓಡುತ್ತದೆ. ತುಟಿ ಮಾತ್ರ ಬಿಚ್ಚುವುದಿಲ್ಲ. ಸಂಜೆ ಆ ಮನುಷ್ಯ ಬರದಿದ್ದರೆ ಹನಿ ಬರುವುದಿಲ್ಲ, ಹನಿ ಬರದಿದ್ದರೆ ಬೆಕ್ಕಿನ ಗತಿ ಏನೆಂಬುದನ್ನು ನೀಲಿ ಬಟ್ಟೆಯ ಮೇಲೆ ಅವರೇ ನೋಡಿದ್ದಾರೆ.

ಕಾಯಿಲೆ ಮತ್ತೆ ಮಲಗಿಲ್ಲ. ಮಲಗುವ ಲಕ್ಷಣವೂ ಇಲ್ಲ. ಬಾಬಿನ್ ಮೇಜಿಗೆ ಜಿಗಿಯುವುದನ್ನು ಬಿಟ್ಟು ಸ್ಟೂಲಿನ ಮೇಲಿಂದ ಹಂತ ಹಂತವಾಗಿ ಹತ್ತುವುದನ್ನು ಕಲಿತಿದೆ. ಮೊನ್ನೆ ಪಕ್ಕದ ಬೀದಿಯ ಹೆಂಗಸೊಬ್ಬರು ಬುಟ್ಟಿಯಲ್ಲಿ ತಮ್ಮ ಬೆಕ್ಕನ್ನು ಇಟ್ಟುಕೊಂಡು ಅಂಗಡಿಗೆ ಬಂದರು. ಅದಕ್ಕೂ ಸಕ್ಕರೆಯಂತೆ, ಹಳೆಯ ಖ್ಯಾತಿ ಕೇಳಿ ಬಂದದ್ದಂತೆ, ವಾಸಿ ಮಾಡುವುದು ಹೇಗೆಂದು ಹೇಳಬೇಕಂತೆ. ಒಳಗಿನ ಕೋಣೆಯಲ್ಲಿ ಗುಂಡಿಯ ಸೂಜಿ ನಿಂತಿತು. ಮಾಸ್ಟ್ರು ಅಭ್ಯಾಸಬಲದಿಂದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರು, ಕೊರಳ ಟೇಪನ್ನು ಸರಿಮಾಡಿಕೊಂಡರು, ಬುಟ್ಟಿಯೊಳಗೆ ಒಮ್ಮೆ ಬಗ್ಗಿ ನೋಡಿದರು.

"ಡಾಕ್ಟರಮ್ಮ ಎಷ್ಟು ಹೇಳ್ತಾರೋ ಅಷ್ಟು ಕೊಡಿ. ಚುಚ್ಚೋದು ಹೇಗೆ ಅಂತ ನಾನು ತೋರಿಸ್ತೀನಿ. ಕಿವಿ ವಿಷಯ ಎದುರು ಸಲೂನಲ್ಲಿ ಕೇಳಿ, ಅವನಿಗೆ ಗೊತ್ತು."

ಹೆಂಗಸು ಬೀದಿ ದಾಟಿದರು. ಅಲ್ಲಿ ಕುರ್ಚಿ ಎಳೆದ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು, "ನಾನು ನೋಡ್ಕೊಳ್ತಿರೋ ಬೆಕ್ಕು" ಎಂಬ ಆರಂಭ. ಮಾಸ್ಟ್ರು ಎದ್ದುಹೋಗಿ ತಮ್ಮ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಬಾಬಿನ್‌ನ ಸಂಜೆಯ ಊಟವನ್ನು ತಕ್ಕಡಿಗೆ ಹಾಕಿದರು.