ಒಂದೇ ಮನೆಯ ಎರಡು ತೊಟ್ಟಿಲು

ನನ್ನ ಮಗಳು ಹುಟ್ಟಿದ ವರ್ಷ ತೇರಗಾಂವದ ನನ್ನ ತವರುಮನೆಯ ಪಡಸಾಲೆಯಲ್ಲಿ ಎರಡು ತೊಟ್ಟಿಲು ತೂಗುತ್ತಿದ್ದವು. ಒಂದರಲ್ಲಿ ನನ್ನ ಮಗಳು, ಇನ್ನೊಂದರಲ್ಲಿ ನನ್ನ ತಮ್ಮ. ತಮ್ಮ ಅವಳಿಗಿಂತ ಒಂದು ತಿಂಗಳಷ್ಟೇ ದೊಡ್ಡವನು. ನನಗಾಗ ಹದಿನಾರು. ಅವ್ವನಿಗೆ ಮೂವತ್ತೆರಡೋ ಮೂವತ್ಮೂರೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಕೂಸು ನೋಡಲು ಬಂದ ಓಣಿಯ ಹೆಂಗಸರು, "ಇದ್ರಾಗ ತಾಯೀದು ಯಾವ್ದು, ಮಗಳದು ಯಾವ್ದು?" ಎಂದು ಕೇಳಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವ್ವ ತಲೆ ತಗ್ಗಿಸಿ ತೊಟ್ಟಿಲು ತೂಗುತ್ತಿದ್ದಳು. ನಾನು ಅವರ ಜೊತೆ ಸೇರಿ ನಗುತ್ತಿದ್ದೆ. ಆ ನಗು ಈಗ ನೆನಪಾದರೆ ಮೈ ಹಿಡಿಯಷ್ಟಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಸಾಂಬ್ರಾಣಿ ಎಂಬ ಊರಿನಲ್ಲಿದ್ದ ಸೋದರತ್ತೆ ತನ್ನ ಮಗನಿಗೆ ನನ್ನನ್ನು ಕೇಳಿದಳು. ಅಪ್ಪನಿಗೆ ತಂಗಿಯ ಮಾತು ತೆಗೆದುಹಾಕಲು ಆಗಲಿಲ್ಲ. ಹಾಗೆಂದು ಯಾರೂ ನನ್ನನ್ನು ಅಳಿಸಿ, ಬೆದರಿಸಿ ಮದುವೆ ಮಾಡಲಿಲ್ಲ. ನನಗೆ ಖುಷಿಯೇ ಆಗಿತ್ತು. ಇಳಕಲ್ ಸೀರೆ ಬಂತು, ಕೈತುಂಬ ಹಸಿರು ಬಳೆ ಬಂತು, ಲೆಕ್ಕದ ಮಾಸ್ತರರ ಕೋಲು ತಪ್ಪಿತು. ಗಂಡ ಹದಿನೆಂಟು ದಾಟಿದ ಹುಡುಗ. ಹಳಿಯಾಳದ ಕಾಲೇಜಿಗೆ ಸೈಕಲ್ ಮೇಲೆ ಹೋಗುತ್ತಿದ್ದ. ಅತ್ತೆ ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ನಾನು ಗೆದ್ದರೆ ಅವನು ಹುಣಸೆಬೀಜ ಎಸೆದು ಎದ್ದುಹೋಗುತ್ತಿದ್ದ, ನಾನು ಹಿಂದೆಹಿಂದೆ ಹೋಗಿ ಸಮಾಧಾನ ಮಾಡಬೇಕಾಗುತ್ತಿತ್ತು. ಸಂಸಾರ ಎಂದರೆ ಇಷ್ಟೇ ಎಂದುಕೊಂಡಿದ್ದೆವು.

ವರ್ಷ ತುಂಬುವುದರೊಳಗೆ ನಾನು ಬಸುರಾದೆ. ನನಗದು ತಿಳಿಯಲೇ ಇಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುವಾಗ ಪಕ್ಕದ ಮನೆಯಾಕೆ ನನ್ನ ಮುಖ ನೋಡಿಯೇ ಹೇಳಿದಳು. ಅತ್ತೆ ಸಂಭ್ರಮಪಟ್ಟಳು. ಹಳಿಯಾಳದ ದವಾಖಾನೆಯಲ್ಲಿ ಡಾಕ್ಟರಬಾಯಿ ವಯಸ್ಸು ಕೇಳಿದಾಗ ಅತ್ತೆ "ಹತ್ತೊಂಬತ್ತರೀ" ಅಂದಳು. ಡಾಕ್ಟರಬಾಯಿ ನನ್ನ ಕಡೆ ತಿರುಗಿ, "ಹೌದೇನವಾ?" ಅಂದರು. ನಾನು ಹೌದೆಂದು ಗೋಣು ಹಾಕಿದೆ. ಗಂಡ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ. ವಾರ ಕಳೆಯುವುದರೊಳಗೆ ಅವನ ಕಾಲೇಜು ನಿಂತಿತು. "ಇನ್ನ ಕೂಸಿನ ಅಪ್ಪ ಆಗಾಂವ, ಪುಸ್ತಕ ಹಿಡಕೊಂಡು ಅಡ್ಡಾಡಿದ್ರ ಹೆಂಗ?" ಎಂದು ಮಾವ ಅವನನ್ನು ಟ್ರ್ಯಾಕ್ಟರ್ ಕೆಲಸಕ್ಕೆ ಹಚ್ಚಿದರು. ಅವನು ಪುಸ್ತಕಗಳನ್ನು ಒಂದು ಚೀಲಕ್ಕೆ ತುಂಬಿ ಗೆಳೆಯನಿಗೆ ಕೊಟ್ಟುಬಂದ. ಅವತ್ತಿನಿಂದ ಚೌಕಾಬಾರ ಆಡಲು ಕರೆದರೆ ಬರುತ್ತಿರಲಿಲ್ಲ.

ಹೆರಿಗೆಗೆಂದು ತವರಿಗೆ ಬಂದಾಗ ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಸೆರಗನ್ನು ಮೈತುಂಬ ಹೊದ್ದುಕೊಂಡಿದ್ದರೂ ಹೊಟ್ಟೆ ಕಾಣುತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. "ಇದೇನವಾ?" ಎಂದೆ. ಅವ್ವ ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಕಾಲ ತೊಳಕೊಂಡು ಒಳಗ ಬಾ" ಎಂದಳು. ಬಾಣಂತನ ಮಾಡಬೇಕಾದವಳೇ ಬಸುರಿ. ಅಪ್ಪನ ತಾಯಿ, ನಮ್ಮ ಆಯಿ, ಇಬ್ಬರಿಗೂ ಸೇರಿಸಿ ಬಾಣಂತಿಯ ಉಂಡಿಗೆಂದು ಅಳ್ವಿ, ಬೆಲ್ಲ, ಒಣಕೊಬ್ಬರಿ ತರಿಸಿಟ್ಟಿದ್ದಳು.

ಅವ್ವನಿಗೆ ಮನೆಯಲ್ಲೇ ಸಲೀಸಾಗಿ ಗಂಡು ಹುಟ್ಟಿತು. ನನ್ನದು ಹಾಗಾಗಲಿಲ್ಲ. ಹಳಿಯಾಳಕ್ಕೆ ಒಯ್ದರು, ಅಲ್ಲಿಂದ ಜೀಪಿನಲ್ಲಿ ಧಾರವಾಡಕ್ಕೆ. ದಾರಿಯುದ್ದಕ್ಕೂ ನಾನು ಅವ್ವನನ್ನೇ ಕೂಗಿದೆನಂತೆ. ಹಸಿ ಬಾಣಂತಿ ಅವಳು ಬರುವ ಹಾಗಿರಲಿಲ್ಲ. ಕೂಸು ಬದುಕಿತು, ನಾನೂ ಬದುಕಿದೆ, ಆದರೆ ಮೈಯಲ್ಲಿನ ರಕ್ತವೆಲ್ಲ ಹರಿದುಹೋಗಿತ್ತು. ಮನೆಗೆ ಬಂದಾಗ ಗೋಡೆ ಹಿಡಿಯದೆ ನಿಲ್ಲಲು ಆಗುತ್ತಿರಲಿಲ್ಲ. ಎದೆಯಲ್ಲಿ ಹಾಲಿರಲಿಲ್ಲ. ಕೂಸು ಅತ್ತು ಅತ್ತು ನೀಲಿಗಟ್ಟಿದಾಗ ಅವ್ವ ತನ್ನ ಮಗನನ್ನು ಆಯಿಯ ಕೈಗೆ ಕೊಟ್ಟು ನನ್ನ ಮಗಳನ್ನು ಎತ್ತಿ ಮೊಲೆಗೆ ಹಚ್ಚಿಕೊಂಡಳು. ಮನೆ ಸುಮ್ಮನಾಯಿತು. ನಾನು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಆಗ ನನಗಾದದ್ದು ಸಂಕಟವಲ್ಲ, ಬಿಡುಗಡೆ. ಈ ಮಾತನ್ನು ನಾನು ಬಹಳ ವರ್ಷ ಯಾರ ಮುಂದೆಯೂ ಆಡಲಿಲ್ಲ.

ಚೇತರಿಸಿಕೊಂಡ ಮೇಲಾದರೂ ಕೂಸನ್ನು ಎತ್ತಿಕೊಳ್ಳಬಹುದಿತ್ತು. ಎತ್ತಿಕೊಂಡರೆ ಅದು ಅಳುತ್ತಿತ್ತು, ಅತ್ತರೆ ನನಗೆ ಹೆದರಿಕೆ, ಹೆದರಿ ಅವ್ವನ ಕೈಗೇ ಕೊಟ್ಟುಬಿಡುತ್ತಿದ್ದೆ. ಸಂಜೆ ಸಾಲಿ ಬಿಟ್ಟ ಹೊತ್ತಿಗೆ ನನ್ನ ಓರಗೆಯ ಹುಡುಗಿಯರು ಎರಡು ಜಡೆ ಹಾಕಿಕೊಂಡು ನಮ್ಮ ಓಣಿಯಲ್ಲೇ ಹಾಯುತ್ತಿದ್ದರು. ಒಂದು ಸಂಜೆ ಅವ್ವ ಜಳಕಕ್ಕೆ ಹೋದಾಗ ನಾನು ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಕಟ್ಟೆಗೆ ಬಂದು ಅವರ ಜೊತೆ ಮಾತಿಗೆ ನಿಂತೆ. ಹತ್ತನೇ ಇಯತ್ತೆಯ ಪರೀಕ್ಷೆಗೆ ಹಳಿಯಾಳಕ್ಕೆ ಹೋಗಬೇಕಂತೆ, ಅಲ್ಲಿಯೇ ಯಾರದೋ ಮನೆಯಲ್ಲಿ ಉಳಿಯುವುದಂತೆ. ಒಳಗೆ ಕೂಸು ಅಳುವುದು ಕೇಳುತ್ತಿತ್ತು. ಕೇಳುತ್ತಲೇ ಇದ್ದರೂ ನಾನು, "ಆಮ್ಯಾಲೇನಾತು?" ಎಂದು ಅವರನ್ನೇ ಕೇಳುತ್ತಿದ್ದೆ. ಅವ್ವ ಒದ್ದೆ ಸೀರೆಯಲ್ಲೇ ಬಚ್ಚಲಿಂದ ಓಡಿಬಂದಳು. ಕೂಸನ್ನು ಭುಜಕ್ಕೆ ಹಾಕಿಕೊಂಡು ಹೊಸ್ತಿಲಿಗೆ ಬಂದು, ಗೆಳತಿಯರು ಹೋಗುವ ತನಕ ಕಾದು, "ಇದು ನಿಂದವಾ. ನಂದಲ್ಲ" ಎಂದಳು. ದನಿ ಎತ್ತಲಿಲ್ಲ. ನಾನು ಸಿಟ್ಟಿನಿಂದ, "ನಾ ಬೇಡಿದ್ನೇನು?" ಎಂದೆ.

ಅವ್ವನಿಗೆ ಇಬ್ಬರಿಗೆ ಸಾಲುವಷ್ಟು ಹಾಲು ಬರುತ್ತಿರಲಿಲ್ಲ. ಸ್ವಲ್ಪ ದಿನಗಳಲ್ಲೇ ಅವಳು ತನ್ನ ಮಗನಿಗೆ ಎಮ್ಮೆಯ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸತೊಡಗಿದಳು. ನನ್ನ ಮಗಳಿಗೆ ಮೊಲೆ. ಆಯಿ ಇದನ್ನು ನೋಡಿ ಸಿಡಿದಳು.

"ಹಡದ ಮಗನ್ನ ಬಿಟ್ಟು ಮೊಮ್ಮಗಳಿಗೆ ಕುಡಸ್ತೀಯಲ್ಲ, ನಿನಗ ಬುದ್ಧಿ ನೆಟ್ಟಗ ಐತೇನು?"

"ಅದು ಬೀಗರ ಮನಿ ಕೂಸು ಅತ್ತಿ," ಎಂದಳು ಅವ್ವ. "ನಮ್ಮ ಮನ್ಯಾಗ ಏನರ ಹೆಚ್ಚು ಕಡಿಮಿ ಆದ್ರ ನಾಳೆ ಇಕಿ ಆ ಮನಿಗೆ ಹೆಂಗ ಹೋಗ್ತಾಳ? ಇಂವ ನಮ್ಮಾಂವ. ಹೆಂಗರ ಬೆಳೀತಾನ."

ಬೀಗರ ಮನೆ ಎಂದರೆ ಆಯಿಯ ಸ್ವಂತ ಮಗಳ ಮನೆಯೇ. ಆಯಿ ಎದ್ದು ಎಮ್ಮೆಯ ಹಾಲು ಕಾಯಿಸಲು ಒಲೆಯ ಮುಂದೆ ಹೋಗಿ ಕೂತಳು. ತಮ್ಮನಿಗೆ ಆ ಹಾಲು ಹಿಡಿಸಲಿಲ್ಲ, ಹೊಟ್ಟೆ ಕೆಟ್ಟಿತು. ಕೈಕಾಲು ಕಡ್ಡಿಯಾಗಿ, ಕಣ್ಣಷ್ಟೇ ಉಳಿದ ಹಾಗಾದ. ಅಪ್ಪ ಅವನನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಮತ್ತೆ ಹಳಿಯಾಳಕ್ಕೆ ಅಲೆದ. ತಮ್ಮ ಬದುಕಿಕೊಂಡ. ಆದರೆ ಅವನು ಓರಗೆಯವರಷ್ಟು ಎತ್ತರ ಬೆಳೆಯಲಿಲ್ಲ, ಬೇಸಿಗೆಯಲ್ಲೂ ಕೆಮ್ಮುತ್ತಿದ್ದ. ಅದಕ್ಕೆ ಇದೇ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಯಾರೂ ನನ್ನನ್ನು ದೂರಿಲ್ಲ. ದೂರಿದ್ದರೆ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆನೇನೋ.

ಐದು ತಿಂಗಳಾದ ಮೇಲೆ ಗಂಡನ ಮನೆಗೆ ಕೂಸಿನೊಂದಿಗೆ ಹೋದೆ. ಅದು ಒಳಲೆಯ ಹಾಲು ಉಗುಳಿತು, ನನ್ನ ಮೈ ವಾಸನೆಗೂ ಮುಖ ತಿರುಗಿಸಿತು. ಗಂಡನಿಗೆ ಅದನ್ನು ಹಿಡಿಯಲು ಕೊಟ್ಟರೆ ಬಿಸಿ ಪಾತ್ರೆ ಹಿಡಿದವನಂತೆ ತೋಳು ಚಾಚಿ ನಿಲ್ಲುತ್ತಿದ್ದ. ವಾರ ಕಳೆಯುವುದರೊಳಗೆ ಅವನೇ, "ನಾಕ ದಿನ ನಿಮ್ಮ ಅವ್ವನ ಕಡೆ ಇರ್ಲಿ, ಒಂದೀಟ ದೊಡ್ಡದಾಗ್ಲಿ" ಎಂದ. ಅತ್ತೆ ಗೊಣಗಿದಳು. ನಾನು ಬೇಡ ಎನ್ನಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಹೋಗಿ ಕೂಸನ್ನು ತೇರಗಾಂವದಲ್ಲಿ ಬಿಟ್ಟು ಬಂದೆವು. ತಿರುಗಿ ಬರುವಾಗ ಕಿಟಕಿಯ ಗಾಳಿಗೆ ನನಗೆ ಚೆನ್ನಾಗಿ ನಿದ್ದೆ ಬಂತು.

ನಾಲ್ಕು ದಿನ ಎಂದದ್ದು ಐದು ವರ್ಷವಾಯಿತು. ನಡುವೆ ಗಂಡ ತನ್ನ ಅಪ್ಪನೊಂದಿಗೆ ಜಗಳಾಡಿ ದಾಂಡೇಲಿಗೆ ಬಂದು ಗ್ಯಾರೇಜೊಂದಕ್ಕೆ ಸೇರಿದ. ಒಂದು ಖೋಲಿಯ ಬಾಡಿಗೆ ಮನೆ. ನಾನು ಹೊಲಿಗೆ ಕಲಿತೆ. ಹಬ್ಬಕ್ಕೆ ತವರಿಗೆ ಹೋದಾಗ ಮಗಳಿಗೆ ಫ್ರಾಕು, ಬಿಸ್ಕೀಟು ಒಯ್ಯುತ್ತಿದ್ದೆ. ಅವಳು ನನ್ನ ತಮ್ಮನ ಮಾತು ಕೇಳಿ ಕಲಿತವಳು. ಅವನು ಅವ್ವ ಅಂದವಳಿಗೆ ಅವಳೂ ಅವ್ವ ಅನ್ನುತ್ತಿದ್ದಳು, ಅವನು ಅಕ್ಕ ಅಂದವಳಿಗೆ ಅಕ್ಕ. ಮನೆಯವರು ಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ನನಗೂ ಅದರಿಂದ ತೊಂದರೆ ಇರಲಿಲ್ಲ. ಹಬ್ಬಕ್ಕೆ ಬಂದ ಅಕ್ಕನಾಗಿರುವುದು ಸುಲಭ.

ಸಾಲಿಗೆ ಹಚ್ಚುವ ವಯಸ್ಸಾದಾಗ ಗಂಡ, "ಇನ್ನ ಕರಕೊಂಡು ಬರೂಣು" ಎಂದ. ಕರೆತರಲು ನಾನೊಬ್ಬಳೇ ಹೋದೆ. ಅವ್ವ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹಳಿಯಾಳದ ಬಸ್ ಸ್ಟ್ಯಾಂಡಿಗೆ ಬಂದಳು. ತಮ್ಮನಿಗೂ ಹೊಸ ಅಂಗಿ ಹಾಕಿದ್ದಳು, ತಾನೂ ದಾಂಡೇಲಿಗೆ ಹೋಗುತ್ತೇನೆ ಎಂದು ಅವನು ತಿಳಿದಿದ್ದ. ಬಸ್ಸು ಬಂದಾಗ ಅವನೇ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತ, ಮಗಳಿಗೂ ಪಕ್ಕದಲ್ಲಿ ಜಾಗ ಹಿಡಿದ. ಅವ್ವ ಹತ್ತಿ ಬಂದು ಅವನ ರಟ್ಟೆ ಹಿಡಿದು ಇಳಿಸಿದಳು. ಅವನು ಕಂಬಿ ಹಿಡಿದು ಬಿಡಲೊಲ್ಲ. ಮಗಳೂ ಇಳಿಯಲು ಎದ್ದಳು. ನಾನು ಅವಳ ಸೊಂಟ ಬಿಗಿಯಾಗಿ ಹಿಡಿದೆ. "ಅವ್ವಾ, ನನ್ನ ಬಿಟ್ಟು ಹೊಂಟಿ, ಅವ್ವಾ" ಎಂದು ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಚೀರಿದಳು. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನು ಮಕ್ಕಳ ಕಳ್ಳಿಯೇನೋ ಎಂಬಂತೆ ನೋಡಿದರು. ಅವ್ವ ಕಬ್ಬಿನ ಹಾಲಿನ ಅಂಗಡಿಯ ಹಿಂದೆ ಹೋಗಿಬಿಟ್ಟಳು. ತಮ್ಮ ಒಬ್ಬನೇ ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿದ.

ದಾಂಡೇಲಿಯಲ್ಲಿ ಅವಳು ಮಾತು ಬಿಟ್ಟಳು. ಕೊಟ್ಟದ್ದನ್ನು ಉಣ್ಣುತ್ತಿದ್ದಳು, ಹೇಳಿದಲ್ಲಿ ಮಲಗುತ್ತಿದ್ದಳು. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ತಾನಾಗಿಯೇ ಕೇಳಿದಳು.

"ಅಕ್ಕಾ, ಅವ್ವ ಯಾವಾಗ ಬರ್ತಾಳ?"

"ನಾನ ನಿನ್ನ ಅವ್ವ" ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. "ಸುಳ್ಳ ಹೇಳಬ್ಯಾಡ" ಎಂದಳು.

ನಾನು ಹೊಡೆದೆ. ಬಾಚಣಿಗೆ ಹಿಡಿದ ಕೈಯಿಂದಲೇ. ಕಿವಿಯ ಹತ್ತಿರ ಬರೆ ಎದ್ದಿತು. ಚಹಾ ಕುಡಿಯುತ್ತಿದ್ದ ಗಂಡ ಎದ್ದು ಬಂದು ನನ್ನ ಕೈ ಹಿಡಿದ. ಅಲ್ಲಿಯವರೆಗೆ ಅವನು ನನ್ನ ಮೇಲೆ ಸಿಟ್ಟಾದದ್ದೇ ಇಲ್ಲ.

"ಹೊಡೀಬ್ಯಾಡ. ನಮಗ ಏನೂ ತಿಳೀಲಿಲ್ಲ, ಅದಕ್ಕೇನ ತಿಳೀತೈತಿ?" ಎಂದ. ಆಮೇಲೆ ಅವಳನ್ನು ಎತ್ತಿಕೊಂಡು ಹೊರಗೆ ಹೋದ. ಅವನಿಗಾಗ ಇಪ್ಪತ್ತೈದೂ ಆಗಿರಲಿಲ್ಲ. ಮಗಳನ್ನು ಅವನು ಹೆದರದೆ ಎತ್ತಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ದಿನದಿಂದ ಅವನು ಗ್ಯಾರೇಜಿನಿಂದ ಬಂದ ಕೂಡಲೇ ಕೈಗೆ ಹತ್ತಿದ ಆಯಿಲು ಸೀಮೆಎಣ್ಣೆಯಿಂದ ತಿಕ್ಕಿ ತೊಳೆದುಕೊಂಡು ಅವಳನ್ನು ಓದಿಸಲು ಕೂಡಿಸುತ್ತಿದ್ದ. ತಾನು ಬಿಟ್ಟ ಓದಿನ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ.

ನಿಧಾನಕ್ಕೆ ಅವಳು ಹೊಂದಿಕೊಂಡಳು. ನೆರೆಮನೆಯ ಮಕ್ಕಳನ್ನು ನೋಡಿ ನನ್ನನ್ನು ಮಮ್ಮಿ ಎನ್ನತೊಡಗಿದಳು. ಅವ್ವ ಎಂಬುದನ್ನು ಮಾತ್ರ ತೇರಗಾಂವಕ್ಕೇ ಇಟ್ಟುಕೊಂಡಳು. ನಾನು ಆ ಪದವನ್ನು ಕೇಳಿ ಪಡೆಯುವ ಧೈರ್ಯ ಮಾಡಲಿಲ್ಲ.

ಅವಳಿಗೆ ಹದಿನಾರಾದಾಗ ಅತ್ತೆಯ ಕಡೆಯ ಹಿರಿಯರೊಬ್ಬರು ವರ ಇದೆ ಎಂದು ಹೇಳಿಕೊಂಡು ಬಂದರು. ಹುಡುಗನಿಗೆ ಟ್ರ್ಯಾಕ್ಟರ್ ಇದೆ, ನೀರಾವರಿ ಹೊಲ ಇದೆ, ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುತ್ತಾರೆ. ಅವ್ವ ಆ ದಿನ ನಮ್ಮ ಮನೆಯಲ್ಲೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಬ್ಯಾಡ್ರಿ. ಅಕಿ ಇನ್ನೂ ಸಣ್ಣಾಕಿ" ಎಂದಳು. ಹಿರಿಯರು ನನ್ನತ್ತ ಬೊಟ್ಟು ಮಾಡಿ, "ಇಕೀದು ಆಗ್ಲಿಲ್ಲೇನು?" ಎಂದು ನಕ್ಕರು.

"ಆತು. ಅದಕ್ಕ ಹೇಳಾಕತ್ತೇನಿ" ಎಂದಳು ಅವ್ವ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಇದ ಮಾತು ನನ್ನ ಸಲುವಾಗಿ ಯಾಕ ಆಡಲಿಲ್ಲವಾ?" ಎಂದು ಕೇಳಿಯೇಬಿಟ್ಟೆ.

ಅವ್ವ ಕಪ್ಪುಬಸಿಗಳನ್ನು ಒಂದೊಂದಾಗಿ ಎತ್ತಿಟ್ಟಳು. "ಆಡಬೇಕು ಅನ್ನೂದ ಗೊತ್ತಿರಲಿಲ್ಲ. ನನಗೂ ಯಾರೂ ಆಡಿರಲಿಲ್ಲ" ಎಂದಳು. ಕೊನೆಯ ಬಸಿ ಕೈಯಲ್ಲಿ ಹಿಡಿದು, "ನಿನ್ನ ಕೂಸನ್ನ ನಾ ಇಟಗೊಂಡೆ ಅಂತ ನಿನಗ ನನ್ನ ಮ್ಯಾಲೆ ಸಿಟ್ಟ ಐತೇನು?" ಎಂದು ಕೇಳಿದಳು. ಇಷ್ಟು ವರ್ಷ ಅವಳೂ ಇದನ್ನೇ ಹೊತ್ತುಕೊಂಡಿದ್ದಳು. ಸಿಟ್ಟಿಲ್ಲ ಎಂದೆ. ನನ್ನಿಂದ ತಮ್ಮನಿಗಾದದ್ದನ್ನು ಕ್ಷಮಿಸು ಎನ್ನಬೇಕೆಂದಿದ್ದೆ.  ಅಷ್ಟರಲ್ಲಿ ಮಗಳು ಕಾಲೇಜಿನಿಂದ ಬಂದಳು.

ಮಗಳಿಗೆ ಎಲ್ಲವನ್ನೂ ನಾನೇ ಹೇಳಬೇಕು ಅನಿಸಿತು. ಧಾರವಾಡದಲ್ಲಿ ಮುಂದೆ ಓದಲು ಹೊರಡುವ ಮೊದಲು ಒಂದು ಮಧ್ಯಾಹ್ನ ಅವಳ ಬಟ್ಟೆಗಳಿಗೆ ಗುಂಡಿ ಹಚ್ಚುತ್ತ ಕೂತು ಹೇಳಿದೆ. ಕಟ್ಟೆಯ ಮೇಲೆ ನಿಂತು ಅವಳ ಅಳು ಕೇಳಿಸಿಕೊಂಡದ್ದನ್ನೂ, ಬಿಟ್ಟು ಬರುವಾಗ ನಿದ್ದೆ ಬಂದದ್ದನ್ನೂ ಬಿಡದೆ ಹೇಳಿದೆ. ಅವಳು ನಡುನಡುವೆ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಮುಗಿದ ಮೇಲೆ, "ಆವಾಗ ನೀ ನನಗಿಂತ ಸಣ್ಣಾಕಿ ಇದ್ದಿ, ಅಲಾ?" ಎಂದಳು. ಹೌದು ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಕರುಣೆ ಇತ್ತು. ನನಗೆ ಬೇಕಾದದ್ದು ಅದಾಗಿರಲಿಲ್ಲ. ಏನು ಬೇಕಿತ್ತೆಂದು ಕೇಳಿದರೆ ನನಗೂ ಹೇಳಲು ಬಾರದು.

ಈಗಲೂ ರಜೆ ಸಿಕ್ಕರೆ ಅವಳು ಮೊದಲು ಇಳಿಯುವುದು ತೇರಗಾಂವದಲ್ಲಿ. ಎರಡು ದಿನ ಅಲ್ಲಿದ್ದು ಆಮೇಲೆ ದಾಂಡೇಲಿಗೆ ಬರುತ್ತಾಳೆ. ನಾನು ಬೇಗ ಬಾ ಎನ್ನುವುದಿಲ್ಲ. ಅವಳು ಬರುವ ದಿನ ಹೊಲಿಗೆ ಮಷಿನ್ನು ಮುಚ್ಚಿಟ್ಟು, ಅವಳಿಗೆ ಇಷ್ಟವಾದ ಬದನೆಕಾಯಿ ಎಣ್ಣೆಗಾಯಿ ಮಾಡಿ, ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತೇನೆ.